ಇಂದಿನ ಧಮ್ಮ ಚಿಂತನೆ: ಮೊಬೈಲನ್ನು ಯಾವ ಸೇರಿನಲ್ಲಿ ಅಳೆಯೋಣ?





ಇವತ್ತಿನ ಚಿಂತನೆ ಸ್ವಲ್ಪ ಉದ್ದ ಇದೆ. ಬೆಳಗ್ಗೆ ಕೆಲಸಕ್ಕೆ ಹೊರಟವರು ಸಂಜೆ ಓದಿ. ಓದಿದ ಕೂಡಲೇ ಕೈಮುಗಿದ ಚಿತ್ರ ಕಳಿಸಬೇಕೆಂದಿಲ್ಲ. ಯಾಕೆ ಹೀಗೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಕಳೆದ ತಿಂಗಳ ಒಂದು ಭಾನುವಾರ ವಂದನೆ, ಧ್ಯಾನ ಮುಗಿದ ಮೇಲೆ ನನ್ನ ಅಕ್ಕನ ಮಗಳು ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ, ಅವಳ ಪ್ರಾಜೆಕ್ಟ್ ಕೆಲಸ. ವಿಷಯ: ದಿನನಿತ್ಯದಲ್ಲಿ ಜನ ಸಾಮಾಜಿಕ ಜಾಲತಾಣವನ್ನು ಎಷ್ಟು ಗಾಢವಾಗಿ ಬಳಸುತ್ತಾರೆ ಎಂದು ಅಳೆಯುವುದು.

"ಮಾವ, ಮೊದಲು ಅಂದಾಜಿನಲ್ಲಿ ಬರೆಯಿರಿ. ಮೊಬೈಲ್ ತೆಗೆದು ನೋಡಬೇಡಿ" ಎಂದಳು.

ದಿನಕ್ಕೆ ಎಷ್ಟು ಹೊತ್ತು ಎಂಬಲ್ಲಿ ನಾನು *ಒಂದು ಗಂಟೆ* ಎಂದು ಬರೆದೆ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅವಳೇ ನನ್ನ ಮೊಬೈಲಿನ ಸೆಟ್ಟಿಂಗ್ಸ್ ಒಳಗೆ ಹೋಗಿ ಲೆಕ್ಕ ತೆಗೆದಳು. ಹಿಂದಿನ ದಿನ 3 ಗಂಟೆ 46 ನಿಮಿಷ. ವಾಟ್ಸಾಪ್ ತೆರೆದದ್ದು 94 ಸಲ.

"ನನ್ನದು ಧಮ್ಮದ ಕೆಲಸ ಅಲ್ವಾ ಮಗಳೇ, ದಿನಾ ಚಿಂತನೆ ಕಳಿಸಬೇಕಲ್ಲ" ಎಂದೆ.

"ಕಳಿಸುವುದು ದಿನಕ್ಕೆ ಒಂದು. ಉಳಿದ 93 ಸಲ ಏನು ಮಾಡಿದ್ದು ಮಾವ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು.

*ಎರಡು ಸೇರಿನ ಕಥೆ*

ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಮಾತು ಅಂದು ರಾತ್ರಿ ನೆನಪಾಯಿತು. ಅವರು ಧಣಿಗಳ ಗದ್ದೆಯಲ್ಲಿ ನೇಜಿ ನೆಟ್ಟವರು. ಕೂಲಿ ಹಣದಲ್ಲಿ ಅಲ್ಲ, ಅಕ್ಕಿಯಲ್ಲಿ, ಭತ್ತದಲ್ಲಿ. ಆ ಮನೆಯಲ್ಲಿ ಎರಡು ಸೇರು ಇತ್ತಂತೆ. ಗೇಣಿ ಅಳೆದು ತೆಗೆದುಕೊಳ್ಳಲು ಒಂದು, ಕೂಲಿ ಅಳೆದು ಕೊಡಲು ಇನ್ನೊಂದು. ಎರಡಕ್ಕೂ ಹೆಸರು ಸೇರು, ಆದರೆ ಒಳಗಿನ ಜಾಗ ಬೇರೆ. "ಅಳತೆ ಯಾರ ಕೈಯಲ್ಲಿ ಉಂಟೋ ಅವನ ಹೊಟ್ಟೆ ತುಂಬುತ್ತದೆ" ಎನ್ನುತ್ತಿದ್ದರು ಅಜ್ಜಿ.

ಭಗವಾನ್ ಬುದ್ಧರಿಗೆ ಈ ವಿಷಯ ಸಣ್ಣದಾಗಿ ಕಾಣಲಿಲ್ಲ. ದೀಘ ನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಶೀಲಗಳನ್ನು ಹೇಳುವಾಗ ಸುಳ್ಳು ತಕ್ಕಡಿ, ಸುಳ್ಳು ಅಳತೆಯಿಂದ ದೂರ ಇರುವುದನ್ನೂ ಸೇರಿಸಿದ್ದಾರೆ. ಪಾಲಿಯಲ್ಲಿ ಅದಕ್ಕೆ *ಮಾನಕೂಟ* ಎಂಬ ಪದ ಇದೆ. ಮಾನ ಎಂದರೆ ಅಳತೆ, ಕೂಟ ಎಂದರೆ ಮೋಸ.

ಧಣಿಗಳ ಎರಡು ಸೇರಿನ ಬಗ್ಗೆ ಕೋಪ ಮಾಡಿಕೊಂಡು ಬೆಳೆದ ನಾನು ನನ್ನ ಮನಸ್ಸಿನಲ್ಲೇ ಎರಡು ಸೇರು ಇಟ್ಟುಕೊಂಡಿದ್ದೆ. ಮಗ ಮೊಬೈಲ್ ಹಿಡಿದರೆ ಅಳೆಯಲು ಒಂದು ಸೇರು: "ಮೂರು ಹೊತ್ತೂ ಅದೇ!" ನಾನು ಹಿಡಿದರೆ ಇನ್ನೊಂದು: "ಸ್ವಲ್ಪ ನೋಡಿದ್ದು." ಇದು ನಾನೊಬ್ಬನ ಕಥೆ ಅಲ್ಲ ಎಂದು ಅಕ್ಕನ ಮಗಳು ಹೇಳಿದಳು. ಜನ ತಾವೇ ಹೇಳುವ ಲೆಕ್ಕಕ್ಕೂ ಯಂತ್ರ ತೋರಿಸುವ ಲೆಕ್ಕಕ್ಕೂ ಹೋಲಿಸಿದ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು 2021ರಲ್ಲಿ ಒಂದು ಪರಿಶೀಲನೆ ಪ್ರಕಟವಾಗಿದೆ. ಎರಡೂ ಸರಿಯಾಗಿ ತಾಳೆಯಾಗುವುದು ಅಪರೂಪ ಎಂದೇ ಅದರ ತೀರ್ಮಾನ. ಕೆಲವರು ಹೆಚ್ಚು ಹೇಳುತ್ತಾರೆ, ಕೆಲವರು ಕಡಿಮೆ ಹೇಳುತ್ತಾರೆ.

*ನಿಮಿಷ ಎಣಿಸಿದರೆ ಸಾಕೇ?*

ಹಾಗಾದರೆ ಯಂತ್ರದ ಲೆಕ್ಕವೇ ಸರಿಯಾದ ಸೇರು ಎನ್ನೋಣವೇ?

2021ರ ಮಳೆಗಾಲ ನೆನಪು ಮಾಡಿಕೊಳ್ಳಿ. ಕೊರೊನಾದಿಂದ ಶಾಲೆ ಬಂದ್. ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿ ರೇಂಜ್ ಸಿಗುವ ಜಾಗ ಹುಡುಕಿ ರಸ್ತೆ ಬದಿಯಲ್ಲಿ ಕುಳಿತ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ಅಪ್ಪ ಅವಳ ಮೇಲೆ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಆ ಹುಡುಗಿಯ ಒಂದು ಗಂಟೆಯೂ ನಾನು ರೀಲ್ಸ್ ನೋಡುವ ಒಂದು ಗಂಟೆಯೂ ಯಂತ್ರಕ್ಕೆ ಒಂದೇ: 60 ನಿಮಿಷ.

ನಮ್ಮ ಅತ್ತಿಗೆ ಬೀಡಿ ಕಟ್ಟುತ್ತಾರೆ. ಅವರು ಹಾಳೆಯಲ್ಲಿ ಗಂಟೆ ಬರೆಯಲೇ ಇಲ್ಲ. "ನನ್ನ ಲೆಕ್ಕ ಬೀಡಿಯ ಪುಸ್ತಕದಲ್ಲಿ ಉಂಟು" ಎಂದರು. ಮೊದಲು ದಿನಕ್ಕೆ 700 ಬೀಡಿ ಆಗುತ್ತಿತ್ತು. ಮೊಬೈಲನ್ನು ಎದುರಿಗೆ ಒರಗಿಸಿಟ್ಟು ಕಟ್ಟಲು ಶುರು ಮಾಡಿದ ಮೇಲೆ ಅಷ್ಟೇ ಹೊತ್ತಿನಲ್ಲಿ 550. ಕೂಲಿಯಲ್ಲಿ ಅಷ್ಟು ಕಡಿಮೆ. ನಾವು ಛೇ ಎನ್ನುವ ಮೊದಲೇ ಅವರು ಮುಂದುವರಿಸಿದರು: "ಬೆಂಗಳೂರಿನಲ್ಲಿರುವ ಮಗಳ ಮುಖ ನೋಡುತ್ತಾ ಕೈ ನಿಧಾನ ಆದರೆ ಆಗಲಿ. ಆದರೆ ಆ 150ರಲ್ಲಿ ಮಗಳಿಗೆ ಎಷ್ಟು ಹೋಯಿತು, ಸುಮ್ಮನೆ ಬೆರಳು ಉಜ್ಜಿದ್ದಕ್ಕೆ ಎಷ್ಟು ಹೋಯಿತು ಅಂತ ನನಗೆ ಗೊತ್ತುಂಟು."

ಆ ದಿನ ಅತ್ಯಂತ ಪ್ರಾಮಾಣಿಕ ಉತ್ತರ ಕೊಟ್ಟವರು ಅವರೇ.

*ಪ್ರಶ್ನೆ ಕೇಳಿದವರು*

ಆ ಹಾಳೆಯಲ್ಲಿದ್ದ ಕೆಲವು ಪ್ರಶ್ನೆಗಳ ಮೂಲ ಅಮೆರಿಕದ್ದು. 2007ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಎಲಿಸನ್, ಸ್ಟೈನ್‌ಫೀಲ್ಡ್, ಲ್ಯಾಂಪ್ ಎಂಬ ಮೂವರು ಸಂಶೋಧಕರು 286 ವಿದ್ಯಾರ್ಥಿಗಳ ಫೇಸ್‌ಬುಕ್ ಬಳಕೆ ಅಳೆದರು. ಎಷ್ಟು ಸ್ನೇಹಿತರು, ದಿನಕ್ಕೆ ಎಷ್ಟು ನಿಮಿಷ ಎಂದು ಕೇಳಿ ಅಷ್ಟಕ್ಕೇ ಬಿಡಲಿಲ್ಲ. ಇದು ನಿಮ್ಮ ದಿನಚರಿಯ ಭಾಗವೇ? ಸ್ವಲ್ಪ ಹೊತ್ತು ನೋಡದಿದ್ದರೆ ಎಲ್ಲರಿಂದ ದೂರವಾದಂತೆ ಅನಿಸುತ್ತದೆಯೇ? ಇದು ಮುಚ್ಚಿಹೋದರೆ ಬೇಸರ ಆಗುತ್ತದೆಯೇ? ಇಂಥ ಪ್ರಶ್ನೆಗಳಿಗೆ 1ರಿಂದ 5ರವರೆಗೆ ಅಂಕ ಹಾಕಬೇಕು. ಗಾಢತೆ ಇರುವುದು ಗಡಿಯಾರದಲ್ಲಿ ಮಾತ್ರ ಅಲ್ಲ, ಮನಸ್ಸು ಅದಕ್ಕೆ ಎಷ್ಟು ಅಂಟಿದೆ ಎಂಬುದರಲ್ಲೂ ಇದೆ ಎಂಬುದು ಅವರ ತಿಳಿವಳಿಕೆ.

ಆ ಅಧ್ಯಯನದಲ್ಲಿ ನಮಗೆ ಮುಖ್ಯವಾದ ಇನ್ನೊಂದು ಮಾತಿದೆ. ಗಾಢವಾಗಿ ಬಳಸುವವರಿಗೆ ಹೊಸ ಸಂಪರ್ಕಗಳ ಬಲ ಹೆಚ್ಚಿತ್ತು. ತನ್ನ ಬಗ್ಗೆ ತನಗೇ ಕೀಳರಿಮೆ ಇರುವ, ಬದುಕಿನಲ್ಲಿ ತೃಪ್ತಿ ಕಡಿಮೆ ಇರುವ ವಿದ್ಯಾರ್ಥಿಗಳಲ್ಲಿ ಈ ಸಂಬಂಧ ಇನ್ನೂ ಬಲವಾಗಿ ಕಂಡಿತು. ಎಂದರೆ ಬಳಕೆ ಗಾಢ ಎಂದ ಮಾತ್ರಕ್ಕೆ ಕೆಟ್ಟದು ಎಂದಲ್ಲ.

ಇದು ನಮಗೆ ಅರ್ಥವಾಗದ ಮಾತೇ? 1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ತಂದರು. ಅದರ ಜಾಹೀರಾತನ್ನು ಹಣ ಕೊಟ್ಟರೂ ಹಾಕಲು ಆ ಕಾಲದ ಪ್ರಸಿದ್ಧ 'ಕೇಸರಿ' ಪತ್ರಿಕೆ ಒಪ್ಪಲಿಲ್ಲ. ಬಾಯಿ ಇದ್ದೂ ಮೂಕರಾಗಿದ್ದ ಜನ ನಾವು. ಇವತ್ತು ಯಾರ ಅಪ್ಪಣೆಯೂ ಇಲ್ಲದೆ ಕಡಬದ ಮೂಲೆಯ ಒಂದು ಕಾಲನಿಯಿಂದ ಬರೆದದ್ದು ಕ್ಷಣದಲ್ಲಿ ಪುತ್ತೂರಿಗೆ ತಲುಪುತ್ತದೆ. ಡಿ.ಸಿ. ಮನ್ನಾ ಜಮೀನಿನ ಸಭೆ ಇದೆ ಎಂದು ಒಂದು ಸಾಲು ಹಾಕಿದರೆ ಕೂಲಿ ಬಿಟ್ಟು ಜನ ಸೇರುತ್ತಾರೆ. ಇದನ್ನು ಬಿಡಿ ಎಂದು ಹೇಳುವವರು ನಮ್ಮ ಚರಿತ್ರೆ ಗೊತ್ತಿಲ್ಲದವರು.

ಆದರೆ ಅದೇ ದಾರಿಯಲ್ಲಿ ಬೇರೆಯದೂ ಓಡುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರು ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದಿತು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಯಿತು. ದೇಶದ ಹಲವೆಡೆ ಇಂಥ ಕೊಲೆಗಳಾದ ಮೇಲೆ ಆ ವರ್ಷವೇ ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ಆ ವದಂತಿಯನ್ನು ಮುಂದೆ ಕಳಿಸಲು ಒಬ್ಬೊಬ್ಬರಿಗೆ ಎಷ್ಟು ಹೊತ್ತು ಬೇಕಾಗಿತ್ತು? ಎರಡು ಸೆಕೆಂಡ್. ಯಾರ ಮೊಬೈಲಿನ ಲೆಕ್ಕದಲ್ಲೂ ಅದು ಕಾಣುವುದಿಲ್ಲ. ನಿಮಿಷದ ಸೇರಿನಲ್ಲಿ ಅಳೆದರೆ ಅವರೆಲ್ಲ ಮಿತವಾಗಿ ಬಳಸುವವರೇ.

*ಮರ ಮತ್ತು ಹಾಲು*

ನಾನು ರಬ್ಬರ್ ಟ್ಯಾಪಿಂಗ್ ಮಾಡುವವನು. ನಮ್ಮ ಕೆಲಸದಲ್ಲೂ ಗಾಢತೆಗೆ ಲೆಕ್ಕ ಇದೆ. ಮರದ ಅರ್ಧ ಸುತ್ತಿಗೆ ಗೀರುವುದು, ದಿನ ಬಿಟ್ಟು ದಿನ ಗೀರುವುದು. ಗೀರು ಎಷ್ಟು ಉದ್ದ, ಎಷ್ಟು ದಿನಕ್ಕೊಮ್ಮೆ ಎಂಬ ಎರಡೂ ಸೇರಿ ಮರದ ಮೇಲೆ ಬೀಳುವ ಭಾರ. ಆಸೆಗೆ ಬಿದ್ದು ದಿನಾ ಗೀರಿದರೆ ಮೊದಮೊದಲು ಹಾಲು ಹೆಚ್ಚೇ ಬರುತ್ತದೆ. ಆಮೇಲೆ ನೀರಾಗುತ್ತದೆ. ಕೊನೆಗೆ ತೊಗಟೆಯೇ ಒಣಗಿ ಗೀರಿದರೂ ಹಾಲು ಬರುವುದಿಲ್ಲ. ಕತ್ತಿ ಆಳಕ್ಕೆ ಹೋದರೆ ಮರಕ್ಕೆ ಗಾಯ, ಹೊಸ ತೊಗಟೆ ಗಂಟು ಗಂಟಾಗಿ ಬೆಳೆಯುತ್ತದೆ. ಅದಕ್ಕೇ ಅನುಭವ ಇರುವವರು ಚಿಪ್ಪಿನಲ್ಲಿರುವ ಹಾಲು ನೋಡಿ ಮರವನ್ನು ಅಳೆಯುವುದಿಲ್ಲ. ತೊಗಟೆ ಮುಟ್ಟಿ ನೋಡುತ್ತಾರೆ.

ಮೊಬೈಲಿನ ಕಂಪನಿಗಳಿಗೆ ಬೇಕಾದದ್ದು ಚಿಪ್ಪಿನ ಲೆಕ್ಕ: ಎಷ್ಟು ಸಲ ತೆರೆದರು, ಎಷ್ಟು ಹೊತ್ತು ಇದ್ದರು. ನಮ್ಮ ಗಮನವೇ ಅವರಿಗೆ ಹಾಲು. ತೊಗಟೆ ಮುಟ್ಟಿ ನೋಡುವ ಕೆಲಸ ನಮ್ಮದು. ಇಂಥ ಪ್ರಶ್ನೆಗಳೂ ಇವೆ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದವರು 2012ರಲ್ಲಿ ಆರು ವಿಷಯ ಕೇಳಿದರು: ಯಾವಾಗಲೂ ಅದರದೇ ಯೋಚನೆಯೇ, ಬರಬರುತ್ತಾ ಹೆಚ್ಚು ಬೇಕೆನಿಸುತ್ತದೆಯೇ, ಬೇಸರ ಮರೆಯಲು ಅದೇ ಬೇಕೇ, ಬಿಡಲು ನೋಡಿ ಸೋತಿದ್ದೀರಾ, ಸಿಗದಿದ್ದರೆ ಚಡಪಡಿಕೆಯೇ, ಓದು ಕೆಲಸಗಳಿಗೆ ಪೆಟ್ಟು ಬಿದ್ದಿದೆಯೇ? ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ 2014ರಿಂದ ಇದಕ್ಕಾಗಿಯೇ 'ಶಟ್' ಎಂಬ ಕ್ಲಿನಿಕ್ ಇದೆ. ಅದರ ಪೂರ್ತಿ ಹೆಸರಿನ ಅರ್ಥ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ಸೇವೆ ಎಂದು. ಬಿಡಿಸುವುದಲ್ಲ, ಸರಿಯಾಗಿ ಬಳಸುವುದು.

ಪಂಚಶೀಲದ ಐದನೆಯದನ್ನು ನಾವು ಮದ್ಯಕ್ಕೆ ಮಾತ್ರ ಹೇಳುತ್ತೇವೆ. ಅದರೊಳಗೆ *ಪಮಾದ* ಎಂಬ ಮಾತು ಇದೆ, ಎಂದರೆ ಎಚ್ಚರ ತಪ್ಪುವುದು. ಮದ್ಯ ಬೇಡವಾದದ್ದು ಅದು ಎಚ್ಚರ ತಪ್ಪಿಸುತ್ತದೆ ಎಂಬ ಕಾರಣಕ್ಕೆ. ಮೊಬೈಲನ್ನು ಮದ್ಯ ಎಂದು ನಾನು ಹೇಳುವುದಿಲ್ಲ. ಆದರೆ ಎಚ್ಚರ ತಪ್ಪಿದ ಮೇಲೆ ಯಾವುದರಿಂದ ತಪ್ಪಿತು ಎಂಬುದರಲ್ಲಿ ದೊಡ್ಡ ವ್ಯತ್ಯಾಸ ಏನಿದೆ?

*ನನ್ನ 93 ಸಲ*

ಈಗ ಹೇಳಲೇಬೇಕಾದ ಮಾತು.

ನಾನು ಬೆಳಗ್ಗೆ ಐದು ಗಂಟೆಗೆ ಚಿಂತನೆ ಕಳಿಸಿ ತಲೆಗೆ ಲೈಟ್ ಕಟ್ಟಿಕೊಂಡು ತೋಟಕ್ಕೆ ಹೋಗುತ್ತೇನೆ. ಹತ್ತು ಮರ ಗೀರಿದ ಮೇಲೆ ಒಮ್ಮೆ ಮೊಬೈಲ್ ತೆಗೆಯುತ್ತೇನೆ. ಯಾರು ಓದಿದರು, ಯಾರು ಓದಲಿಲ್ಲ, ಯಾರು ಸಾಧು ಎಂದರು. ಇನ್ನು ಹತ್ತು ಮರ, ಮತ್ತೊಮ್ಮೆ. ಆ 93 ಇದೇ. ತೃಷ್ಣೆ ಬಿಡಿ ಎಂದು ಬರೆದು ಅದಕ್ಕೆ ಎಷ್ಟು ಮೆಚ್ಚುಗೆ ಬಂತು ಎಂದು ಎಣಿಸುವವನು.

ನಮ್ಮ ಬಳಗದಲ್ಲಿ ಒಬ್ಬರು ಹಿರಿಯರಿದ್ದಾರೆ. ನಾವೆಲ್ಲ ಅಜ್ಜ ಎನ್ನುತ್ತೇವೆ. ದಿನಾ ಆರು ಗಂಟೆಯೊಳಗೆ ಅವರ ಕೈಮುಗಿದ ಚಿತ್ರ ಬರುತ್ತಿತ್ತು. ಒಂದು ದಿನ ಬರಲಿಲ್ಲ. ಮರುದಿನವೂ ಇಲ್ಲ. ದಿನಾ ಓದಿದವರ ಪಟ್ಟಿ ತೆಗೆದು ನೋಡುತ್ತಿದ್ದೆ. ಅವರ ಹೆಸರಿಲ್ಲ. ಹಿಂದಿನ ಭಾನುವಾರ ಮನೆಯಲ್ಲಿ ಹಳೆಯ ಆಚರಣೆ ಬಿಡುವ ವಿಷಯದಲ್ಲಿ ನನಗೂ ಅವರಿಗೂ ಸ್ವಲ್ಪ ಚರ್ಚೆ ಆಗಿತ್ತು. ಅದಕ್ಕೇ ಸಿಟ್ಟು ಮಾಡಿಕೊಂಡಿದ್ದಾರೆ ಎಂದುಕೊಂಡೆ. ನಿಜ ಹೇಳುತ್ತೇನೆ, ನನಗೂ ಒಳಗೊಳಗೇ ಸಿಟ್ಟು ಬಂತು.

ಹನ್ನೊಂದನೆಯ ದಿನ ಪುತ್ತೂರು ಬಸ್ ನಿಲ್ದಾಣದಲ್ಲಿ ಅವರ ಮೊಮ್ಮಗ ಸಿಕ್ಕಿದ. ಅಜ್ಜ ಅಡಿಕೆ ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಮೊಬೈಲ್ ಚಾರ್ಜ್ ಇಲ್ಲದೆ ಮನೆಯ ಮಾಡಿನಡಿಯ ಹಲಗೆಯ ಮೇಲೆ ಬಿದ್ದಿತ್ತು.

ಅಜ್ಜನ ಮನೆ ನಮ್ಮ ಮನೆಯಿಂದ ಆರು ಕಿಲೋಮೀಟರ್. ದಿನಕ್ಕೆ 94 ಸಲ ವಾಟ್ಸಾಪ್ ತೆರೆದವನಿಗೆ ಹನ್ನೊಂದು ದಿನದಲ್ಲಿ ಒಮ್ಮೆ ಆರು ಕಿಲೋಮೀಟರ್ ಹೋಗಿ ನೋಡಬೇಕು ಎನಿಸಲಿಲ್ಲ. ಒಂದು ಫೋನ್ ಕೂಡ ಮಾಡಲಿಲ್ಲ. ನಾನು ಅವರನ್ನು ಎಣಿಸುತ್ತಿದ್ದೆ, ವಿಚಾರಿಸುತ್ತಿರಲಿಲ್ಲ.

ಮಂಗಳೂರಿಗೆ ಹೋದೆ. ಅಜ್ಜ ಕೇಳಿದ ಮೊದಲ ಮಾತು: "ಇಷ್ಟು ದಿನ ಏನೆಲ್ಲ ಕಳಿಸಿದೆ ಮಗಾ? ನನಗೆ ಓದಿ ಹೇಳು." ಅವರ ಹಾಸಿಗೆಯ ಹತ್ತಿರ ಕುಳಿತು ಹನ್ನೊಂದೂ ಓದಿದೆ. ಒಂದು ಕಡೆ ಅವರು ನಿಲ್ಲಿಸಿ, "ಇದು ನೀನು ಅವಸರದಲ್ಲಿ ಬರೆದದ್ದು" ಎಂದರು. ನಿಜವಾಗಿತ್ತು. ಅಷ್ಟು ದಿನದ ನೀಲಿ ಟಿಕ್‌ಗಳಲ್ಲಿ ಒಂದೂ ನನಗೆ ಅದನ್ನು ಹೇಳಿರಲಿಲ್ಲ.

*ರಾಹುಲನ ಕನ್ನಡಿ*

ಮಜ್ಝಿಮ ನಿಕಾಯದಲ್ಲಿ ಅಂಬಲಟ್ಠಿಕಾ ರಾಹುಲೋವಾದ ಸುತ್ತ ಇದೆ. ಬುದ್ಧರು ಮಗ ರಾಹುಲನಿಗೆ ಹೇಳಿದ ಬುದ್ಧಿವಾದ. ಸಾಮ್ರಾಟ ಅಶೋಕ ರಾಜಸ್ಥಾನದ ಬೈರಾಟಿನ ಶಾಸನದಲ್ಲಿ ಭಿಕ್ಷುಗಳೂ ಉಪಾಸಕ ಉಪಾಸಿಕೆಯರೂ ಕೇಳಬೇಕಾದ ಉಪದೇಶಗಳ ಪಟ್ಟಿ ಕೊಟ್ಟಿದ್ದಾನೆ. ಅದರಲ್ಲಿ ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಉಪದೇಶವೂ ಸೇರಿದೆ.

ಬುದ್ಧರು ಕೇಳುತ್ತಾರೆ, ಕನ್ನಡಿ ಯಾತಕ್ಕೆ? ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಮಾಡುವ ಪ್ರತಿಯೊಂದನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು ಎನ್ನುತ್ತಾರೆ ಬುದ್ಧರು. ಇದರಿಂದ ನನಗೆ ಕೇಡೇ? ಬೇರೆಯವರಿಗೆ ಕೇಡೇ? ಇಬ್ಬರಿಗೂ ಕೇಡೇ?

ಇದು ನನಗೆ ಸರಿಯಾದ ಸೇರು ಎಂದು ಕಾಣುತ್ತದೆ. ಕಾರಣ ಎರಡು. ಒಂದು, ಇದರಲ್ಲಿ *ಬೇರೆಯವರು* ಇದ್ದಾರೆ. ನಿಮಿಷದ ಲೆಕ್ಕವೂ ಅಂಟಿನ ಲೆಕ್ಕವೂ ನನ್ನೊಬ್ಬನದು. ಮುರ್ಕಿಯಲ್ಲಿ ಸತ್ತವನೂ ಹನ್ನೊಂದು ದಿನ ಮಲಗಿದ್ದ ಅಜ್ಜನೂ ಅದರಲ್ಲಿ ಬರುವುದಿಲ್ಲ. ಎರಡು, ಈ ಸೇರು ಕಂಪನಿಯ ಕೈಯಲ್ಲೂ ಇಲ್ಲ, ಧಣಿಗಳ ಕೈಯಲ್ಲೂ ಇಲ್ಲ. ನಮ್ಮ ಕೈಯಲ್ಲೇ ಇದೆ.

ಆದರೆ ನಮ್ಮ ಕೈಯಲ್ಲಿರುವ ಸೇರಿನಲ್ಲೂ ಮೋಸ ಆಗುತ್ತದೆ, ನನ್ನ "ಒಂದು ಗಂಟೆ"ಯ ಹಾಗೆ. ಬುದ್ಧರು ಅದಕ್ಕೂ ದಾರಿ ಹೇಳಿದ್ದಾರೆ: ಮೈಯಿಂದ, ಮಾತಿನಿಂದ ಕೇಡು ಮಾಡಿದ್ದು ಗೊತ್ತಾದರೆ ಮುಚ್ಚಿಡದೆ ಗುರುಗಳ ಮುಂದೆ ಅಥವಾ ತಿಳಿದ ಒಡನಾಡಿಗಳ ಮುಂದೆ ಹೇಳಿಕೊಂಡು ಮುಂದೆ ಎಚ್ಚರದಲ್ಲಿರಬೇಕು. ಅದಕ್ಕೇ ಯಂತ್ರದ ಲೆಕ್ಕವೂ ಬೇಕು, ಅಕ್ಕನ ಮಗಳ ಪ್ರಶ್ನೆಯೂ ಬೇಕು, ಸಂಘವೂ ಬೇಕು. ಇವತ್ತು ನಾನು ಬರೆದದ್ದು ಆ ಹೇಳಿಕೊಳ್ಳುವಿಕೆಯೇ.

ಇನ್ನೊಂದು ಎಚ್ಚರಿಕೆ. "ನನ್ನದು ದಿನಕ್ಕೆ 20 ನಿಮಿಷ ಮಾತ್ರ" ಎಂದು ಹೆಮ್ಮೆಪಟ್ಟರೆ ಅದೂ ಇನ್ನೊಂದು ಬಗೆಯ ಅಂಟು. ಪಾಲಿಯಲ್ಲಿ ಅಹಂಕಾರಕ್ಕೂ ಮಾನ ಎಂದೇ ಹೆಸರು.

*ಈ ವಾರದ ಅಭ್ಯಾಸ*

1️⃣ ದಿನಕ್ಕೆ ಎಷ್ಟು ಹೊತ್ತು ಎಂದು ಅಂದಾಜು ಬರೆಯಿರಿ. ಆಮೇಲೆ ಮೊಬೈಲಿನ ಲೆಕ್ಕ ನೋಡಿ. ವ್ಯತ್ಯಾಸವನ್ನು ಮನೆಯವರ ಮುಂದೆ ಹೇಳಿ. ಮಕ್ಕಳನ್ನು ಬೈಯಲು ಅದನ್ನು ಬಳಸಬೇಡಿ.

2️⃣ ಮೊಬೈಲ್ ತೆಗೆಯುವ ಮೊದಲು ಒಂದು ಉಸಿರು. ಯಾತಕ್ಕೆ ತೆಗೆಯುತ್ತಿದ್ದೇನೆ? ಮುಂದೆ ಕಳಿಸುವ ಮೊದಲು ಇನ್ನೊಂದು ಉಸಿರು. ಇದು ನಿಜವೇ? ಯಾರಿಗಾದರೂ ಕೇಡೇ?

3️⃣ ಗುಂಪಿನಲ್ಲಿ ಮಾತಾಡುತ್ತಿದ್ದು ಈಗ ಸುಮ್ಮನಾಗಿರುವ ಒಬ್ಬರನ್ನು ನೆನೆದುಕೊಳ್ಳಿ. ಮೆಸೇಜ್ ಬೇಡ. ಫೋನ್ ಮಾಡಿ, ಸಾಧ್ಯವಾದರೆ ಮನೆಗೆ ಹೋಗಿ.

ನಾನೂ ಒಂದು ನಿರ್ಧಾರ ಮಾಡಿದ್ದೇನೆ. ಚಿಂತನೆ ದಿನಾ ಬರುತ್ತದೆ. ಕಳಿಸಿದ ಮೇಲೆ ಮೊಬೈಲ್ ಮನೆಯಲ್ಲೇ ಇಟ್ಟು ತೋಟಕ್ಕೆ ಹೋಗುತ್ತೇನೆ. ನಾಲ್ಕು ದಿನ ಆಯಿತು. ಎರಡು ದಿನ ಸಾಧ್ಯವಾಯಿತು, ಎರಡು ದಿನ ಅರ್ಧ ದಾರಿಯಿಂದ ವಾಪಸು ಬಂದು ತೆಗೆದುಕೊಂಡು ಹೋದೆ. ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಅಜ್ಜ ಈಗ ಮನೆಗೆ ಬಂದಿದ್ದಾರೆ. ನಡೆಯಲು ಇನ್ನೂ ಸಮಯ ಬೇಕು. ಈ ಭಾನುವಾರದ ವಂದನೆ ಅವರ ಮನೆಯಲ್ಲೇ, ಬೆಳಗ್ಗೆ ಹತ್ತು ಗಂಟೆಗೆ. ಎಲ್ಲರೂ ಬನ್ನಿ. ಬರುತ್ತೇನೆ ಎಂದು ಇಲ್ಲಿ ಬರೆಯದಿದ್ದರೂ ಪರವಾಗಿಲ್ಲ.

ಸರ್ವರಿಗೂ ಮಂಗಳವಾಗಲಿ 🌼
ನಮೋ ಬುದ್ಧಾಯ ☸️ ಜೈ ಭೀಮ್ 💙